ಅಥೆನ್ಸಿನ ಅಜ್ಜನಿಗೆ ಹೂಂಗುಟ್ಟುವವರು

ಮೈಸೂರಿನಿಂದ ಪ್ರಕಾಶಕ ಗಂಗಾಧರಯ್ಯನವರು ಬರಬೇಕಿದ್ದ ಭಾನುವಾರವೇ, ಬೆಳಿಗ್ಗೆ ಎದ್ದು ನೋಡಿದರೆ ಕಲ್ಲೇಶಪ್ಪನ ಎಡಗೆನ್ನೆ ಊದಿ ಕೂತಿತ್ತು.

ಇಂದುಧರನಿಗೆ ಕೈಕಾಲೇ ಆಡಲಿಲ್ಲ. ಊದಿದ್ದು ಅವನ ಸೋದರತ್ತೆ ಬಸಮ್ಮನ ಗಂಡನ ಕೆನ್ನೆ, ನಿಜ. ಆದರೆ ಅದರ ಜೊತೆಗೆ ಮುಳುಗಲು ಹೊರಟಿದ್ದದ್ದು ಇವನ ಇಷ್ಟು ವರ್ಷದ ಗ್ರೀಕು. ಹಳೇಬೀಡಿನ ಒಬ್ಬ ಗೃಹಸ್ಥನ ಹಲ್ಲುನೋವಿಗೂ ಗ್ರೀಕ್ ತತ್ತ್ವಶಾಸ್ತ್ರಕ್ಕೂ ಏನಪ್ಪಾ ನಂಟು ಎಂದು ಕೇಳುವವರಿಗೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಇಂದುಧರ ಅರಸೀಕೆರೆಯ ಕೊಬ್ಬರಿ ಮಂಡಿ ಸಿದ್ದಬಸಪ್ಪನವರ ಒಬ್ಬನೇ ಮಗ. ಮಗ ಲಾಯರಾದರೆ ಮಂಡಿಯ ವ್ಯಾಜ್ಯಗಳಿಗೆ ಮನೆಯವನೇ ಆಗುತ್ತಾನೆ ಎಂದು ಅಪ್ಪ ಬೆಂಗಳೂರಿಗೆ ಕಳಿಸಿದರು. ಮಗ ಅಲ್ಲಿ ಒಬ್ಬ ಮುದುಕ ಪಾದ್ರಿಯ ಕೈಗೆ ಸಿಕ್ಕಿ ಗ್ರೀಕ್ ಕಲಿತ. ಪಾದ್ರಿಗೆ ಈ ಹುಡುಗನನ್ನು ಕ್ರಿಸ್ತನ ಹತ್ತಿರಕ್ಕೆ ಎಳೆಯುವ ಆಸೆ ಇತ್ತೋ ಏನೋ. ಹುಡುಗ ಮಾತ್ರ ಕ್ರಿಸ್ತನನ್ನೂ ದಾಟಿಕೊಂಡು ನಾಲ್ಕು ನೂರು ವರ್ಷ ಹಿಂದಕ್ಕೆ ಹೋಗಿ ಅಥೆನ್ಸಿನ ಸಂತೆಬೀದಿಯಲ್ಲಿ ನಿಂತುಬಿಟ್ಟ. ಅಲ್ಲಿ ಒಬ್ಬ ಮುದುಕ, ಬರಿಗಾಲಲ್ಲಿ, ಸಿಕ್ಕಸಿಕ್ಕವರನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದ. ಆ ಮುದುಕನಿಗೆ ಒಳ್ಳೆಯ ಹೆಸರೇ ಇತ್ತು. ಆದರೆ ಅದು ನಮ್ಮ ಕಡೆಯ ನಾಲಗೆಗೆ ಹತ್ತುವಂಥದ್ದಲ್ಲ. ಬಸಮ್ಮ ಅವನನ್ನು ‘ಅಥೆನ್ಸಿನ ಅಜ್ಜ’ ಎಂದು ಕರೆದಳು. ನಾವೂ ಹಾಗೇ ಕರೆಯೋಣ.

ಮಗ ಊರಿಗೆ ಬಂದಾಗ ಸಿದ್ದಬಸಪ್ಪನವರು ಕೇಳಿದ್ದು ಒಂದೇ ಮಾತು. “ಹೋಗ್ಲಿ ಕಣ್ಲಾ, ಆ ಗ್ರೀಕ್‌ನೋರು ಕೊಬ್ಬರಿ ಕೊಳ್ತಾರಾ?”

“ಇಲ್ಲಪ್ಪ, ಈ ಭಾಷೆ ಆಡ್ತಿದ್ದೋರು ಸತ್ತು ಎರಡು ಸಾವಿರ ವರ್ಷ ಆಯ್ತು.”

“ಸತ್ತೋರ ಬಾಸೆ ಕಲಿಯಾಕೆ ಬದುಕಿರೋನ ತೋಟ ಸವೆಸ್ದೆ ಅನ್ನು.”

ಇಂದುಧರ ಬೇಲೂರಿನ ಸ್ಕೂಲಿನಲ್ಲಿ ಮೇಷ್ಟ್ರಾದ. ವಾರವೆಲ್ಲ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುವುದು, ಭಾನುವಾರ ಬಂತೆಂದರೆ ಸೈಕಲ್ ತುಳಿದುಕೊಂಡು ಹುಲಿಕೆರೆಗೆ ಹೋಗಿ ಕೊಳದ ಮೆಟ್ಟಿಲ ಮೇಲೆ ಕೂತು ಗ್ರೀಕನ್ನು ಕನ್ನಡ ಮಾಡುವುದು. ನೀರಿಗೆ ಬಂದ ಹೆಂಗಸರು, ಮೇಷ್ಟ್ರು ಯಾರದೋ ಮೇಲೆ ಮಂತ್ರ ಹಾಕುತ್ತಿದ್ದಾರೆ ಎಂದು ಮೊದಮೊದಲು ಹೆದರಿದರು. ಆಮೇಲೆ, ಪಾಪ, ಯಾರಿಗೂ ಏನೂ ಆಗುತ್ತಿಲ್ಲ ಎಂದು ಸುಮ್ಮನಾದರು.

ಮೊದಲನೆಯ ಪುಸ್ತಕ ಅಚ್ಚಾಗಿ ಬಂದು ಹತ್ತು ವರ್ಷವಾಗಿತ್ತು. ಅದಕ್ಕೂ ಹಾಗೇ ಆಯಿತು, ಯಾರಿಗೂ ಏನೂ ಆಗಲಿಲ್ಲ. ಗೆಳೆಯರು ಕೊಂಡರು, ಹೊಗಳಿದರು, ಓದಲಿಲ್ಲ. ಉಳಿದ ಪ್ರತಿಗಳನ್ನು ಸಿದ್ದಬಸಪ್ಪನವರು ಮಂಡಿಯ ಗೋದಾಮಿನಲ್ಲಿ ಕೊಬ್ಬರಿ ಚೀಲಗಳ ಪಕ್ಕದಲ್ಲೇ ಜೋಡಿಸಿ, ಇಲಿ ಬೀಳದ ಹಾಗೆ ಕಾಪಾಡಿಕೊಂಡು ಬಂದಿದ್ದರು. ಬೈಯುವುದು ಬೇರೆ, ಮಗನ ಹೆಸರು ಅಚ್ಚಾದ ಕಾಗದವನ್ನು ಇಲಿಗೆ ಬಿಡುವುದು ಬೇರೆ.

ಈಗ ಎರಡನೆಯದು ಮುಗಿದಿತ್ತು. ಅಷ್ಟರಲ್ಲಿ ಯುದ್ಧ ಬಂದು ಕಾಗದಕ್ಕೆ ಬರ ಬಿತ್ತು. ಮೈಸೂರಿನಲ್ಲಿ ಗ್ರಂಥಮಾಲೆ ನಡೆಸುತ್ತಿದ್ದ ಗಂಗಾಧರಯ್ಯನವರ ಹತ್ತಿರ ಒಂದೇ ಪುಸ್ತಕಕ್ಕಾಗುವಷ್ಟು ಕಾಗದ ಉಳಿದಿತ್ತು, ಮೇಜಿನ ಮೇಲೆ ಎರಡು ಹಸ್ತಪ್ರತಿ ಇದ್ದವು. ಒಂದು ಇಂದುಧರನ ಗ್ರೀಕ್ ಸಂವಾದ. ಇನ್ನೊಂದು ತೆಂಗಿನ ಮರಕ್ಕೆ ಬರುವ ರೋಗಗಳ ಮೇಲಿನ ಪುಸ್ತಕ. ಆ ಎರಡನೆಯದರ ವಿಷಯ ಕೇಳಿದ ಸಿದ್ದಬಸಪ್ಪನವರು ಕಣ್ಣರಳಿಸಿ, “ಅದು ಯಾವಾಗ ಬತ್ತದೆ?” ಎಂದು ಮಗನನ್ನೇ ವಿಚಾರಿಸಿದ್ದರು.

ಗಂಗಾಧರಯ್ಯನವರು ನ್ಯಾಯಸ್ಥರು. “ನಾನು ಓದಿ ಒಪ್ಪಿದರೆ ಏನು ಬಂತು? ಪುಸ್ತಕ ಕೊಳ್ಳದ ಜನರನ್ನ ಒಂದು ಹತ್ತು ಮಂದಿ ಕೂರಿಸಿ, ಅವರ ಮುಂದೆ ಓದಿ. ನಾನೂ ಬಂದು ಕೇಳ್ತೀನಿ. ಎದ್ದು ಹೋಗದೆ ಕೂತರೆ ನಿಮ್ಮದು ಅಚ್ಚಿಗೆ. ಎದ್ದು ಹೋದರೆ ತೆಂಗಿನ ಮರ” ಎಂದಿದ್ದರು. ಈ ಮಾತು ಅರಸೀಕೆರೆಗೂ ಮುಟ್ಟಿ, ಅಪ್ಪ ಮಗನ ಹತ್ತಿರ ಆಣೆ ಹಾಕಿಸಿಕೊಂಡರು. ಈ ಸಲ ಆಗದಿದ್ದರೆ ಗ್ರೀಕು ಕಟ್ಟಿಟ್ಟು, ದೀಪಾವಳಿಯಿಂದ ಮಂಡಿಯ ಗಾದಿಯಲ್ಲಿ ಕೂರಬೇಕು. ಅಪ್ಪನಿಗೂ ಮೊಣಕಾಲು ಹಿಡಿದುಕೊಳ್ಳುತ್ತಿತ್ತು, ಪಾಪ. ಇಂದುಧರ ಒಪ್ಪಿದ. ಒಪ್ಪಿದ ಮೇಲೆ ಮೂರು ದಿನ ಊಟ ಸೇರಲಿಲ್ಲ.

ಓದುವ ಜಾಗ ಹಳೇಬೀಡಿನ ಸೋದರತ್ತೆ ಬಸಮ್ಮನ ಮನೆಯ ಜಗಲಿ ಎಂದು ನಿಶ್ಚಯವಾಯಿತು. ಜಗಲಿ ದೊಡ್ಡದು ಎಂದಲ್ಲ. ಆ ಮನೆಯಲ್ಲಿ ಕಲ್ಲೇಶಪ್ಪ ಇದ್ದ ಎಂದು.

ನಮ್ಮ ಕಡೆ ಕಥೆ ಹೇಳುವವನು ಎಷ್ಟೇ ಗಟ್ಟಿಗನಾಗಿರಲಿ, ಎದುರಿಗೆ ಒಬ್ಬ ಹೂಂಗುಟ್ಟುವವನು ಇಲ್ಲದಿದ್ದರೆ ಕಥೆ ಮೇಲಕ್ಕೇಳುವುದಿಲ್ಲ. ಅದರಲ್ಲಿ ಕಲ್ಲೇಶಪ್ಪನನ್ನು ಮೀರಿಸುವವರು ಸುತ್ತಿನಲ್ಲಿ ಇರಲಿಲ್ಲ. ರಾಜ ಬೇಟೆಗೆ ಹೊರಟರೆ ಅವನದು ಒಂದು ಹೂಂ, ರಾಣಿಗೆ ಮಕ್ಕಳಿಲ್ಲ ಎಂದರೆ ಇನ್ನೊಂದು ಹೂಂ. ‘ಮುಂದೇನಾಯ್ತು ಹೇಳಪ್ಪ’ ಎನ್ನುವ ಹೂಂ, ‘ಇದನ್ನು ನಾನು ನಂಬಬೇಕೋ’ ಎನ್ನುವ ಹೂಂ, ‘ಅಯ್ಯೋ ಪಾಪ’ ಎನ್ನುವ ಹೂಂ, ಎಲ್ಲ ಬೇರೆ ಬೇರೆ. ಗೆಂಡೆಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದು ಅವನನ್ನು ಕರೆದೊಯ್ಯುತ್ತಿದ್ದರು. ಇಷ್ಟು ವಿದ್ಯೆ ಎಲ್ಲಿ ಕಲಿತೆ ಎಂದರೆ, ಅವನು ಅಡಿಗೆಮನೆಯ ಕಡೆ ತಿರುಗಿ ನೋಡಿ ನಗುತ್ತಿದ್ದ. ಬಸಮ್ಮನನ್ನು ಮದುವೆಯಾದಂದಿನಿಂದ ಅವನ ಬಾಯಲ್ಲಿ ಬಂದದ್ದೆಲ್ಲ ಹೂಂ. ಬಸಮ್ಮನ ಬಾಯಲ್ಲಿ ಹೂಂ ಬಂದದ್ದನ್ನು ಕೇಳಿದವರು ಮಾತ್ರ ಯಾರೂ ಇರಲಿಲ್ಲ. ‘ಹೊತ್ತು ಮೂಡಿತು’ ಎಂದರೆ, “ಮೂಡ್ತಾ ಐತೆ ಅನ್ನು” ಎಂದು ತಿದ್ದುವವಳು ಅವಳು.

ಗ್ರೀಕ್ ಸಂವಾದದಲ್ಲಿ ಅಥೆನ್ಸಿನ ಅಜ್ಜ ಪ್ರಶ್ನೆ ಕೇಳುತ್ತಾನೆ, ಒಬ್ಬ ಹಡಗಿನ ವ್ಯಾಪಾರಿ ಒಪ್ಪುತ್ತಾ ಹೋಗುತ್ತಾನೆ. ವ್ಯಾಪಾರಿಯ ಪಾಲು ಮಾವನಿಗೆ ಎಂದು ಇಂದುಧರ ಲೆಕ್ಕ ಹಾಕಿದ್ದ. ತನ್ನ ಕನ್ನಡ ಸ್ವಲ್ಪ ಬಿಗಿ ಎಂಬ ಅನುಮಾನ ಅವನಿಗೂ ಇತ್ತು. ಮಾವನ ಹೂಂ ಇದ್ದರೆ ಜನ ಕೂರುತ್ತಾರೆ ಎಂಬ ಧೈರ್ಯ.

ಆ ಮಾವನೇ ಈಗ ಕೆನ್ನೆಗೆ ಪಂಚೆಯ ಚುಂಗು ಒತ್ತಿಕೊಂಡು ಕಂಬಕ್ಕೆ ಒರಗಿದ್ದ. ಕಾರಣವೂ ಬೇಗ ಹೊರಬಿತ್ತು. ಹಿಂದಿನ ದಿನ ಸಿದ್ದಬಸಪ್ಪನವರು ಬರುವಾಗ ತಂಗಿಯ ಮನೆಗೆ ಒಳ್ಳೆಯ ಕೊಬ್ಬರಿ, ಅಚ್ಚು ಬೆಲ್ಲ ತಂದಿದ್ದರು. ಎರಡನ್ನೂ ಸೇರಿಸಿ ಕಡಿಯುವುದೆಂದರೆ ಕಲ್ಲೇಶಪ್ಪನಿಗೆ ಪ್ರಾಣ.

“ಹುಳುಕು ಹಲ್ಲಿಗೆ ಬೆಲ್ಲ ಆಗಲ್ಲ ಅಂತ ಇವರಿಗೆ ಗೊತ್ತು. ಹೋದ ಸಲವೂ ಹಿಂಗೇ ಊದಿತ್ತು. ಗೊತ್ತಿದ್ದೂ ಗೊತ್ತಿದ್ದೂ ತಿಂದವ್ರೆ!” ಎಂದು ಬಸಮ್ಮ ಲವಂಗ ಜಜ್ಜುತ್ತಾ ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು.

ಕಲ್ಲೇಶಪ್ಪ ಹೂಂ ಎನ್ನಲು ಹೋದ. ‘ಹ್ಞ್’ ಎಂದು ಒಂದು ಗಾಳಿ ಬಂತು, ಅಷ್ಟೇ.

ಮಧ್ಯಾಹ್ನ ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು ಏದುಸಿರು ಬಿಡುತ್ತಾ ಬಂದು ಗುಡಿಯ ಮುಂದೆ ನಿಂತಿತು. ಗಂಗಾಧರಯ್ಯನವರು ಹಣೆಯ ತುಂಬ ಮಸಿ ಮಾಡಿಕೊಂಡು ಇಳಿದರು. ಊಟವಾಯಿತು. ಇಳಿಹೊತ್ತಿಗೆ ಜಗಲಿ ತುಂಬಿತು. ಮಾದಿಹಳ್ಳಿಯಿಂದ ಕುರಿಯ ದೊಡ್ಡಬೀರಪ್ಪ ಬಂದಿದ್ದ, ಪಕ್ಕದ ಮನೆಯ ರಂಗಮ್ಮ ಬಂದಿದ್ದಳು, ಗುಡಿಯ ಮುಂದೆ ಹೊತ್ತು ಕಳೆಯುತ್ತಿದ್ದವರೆಲ್ಲ ಬಂದಿದ್ದರು. ಸಿದ್ದಬಸಪ್ಪನವರು ಮೂಲೆಯ ಕಂಬಕ್ಕೆ ಒರಗಿ ಮೊಣಕಾಲು ನೀವಿಕೊಳ್ಳುತ್ತಿದ್ದರು. ಮಗ ಸೋಲಲಿ ಎಂದು ಅವರಿಗೆ ಆಸೆ ಇತ್ತು. ಆ ಆಸೆಗೆ ಅವರಿಗೇ ನಾಚಿಕೆಯಾಗಿ, ಮಗನ ಕಣ್ಣು ತಪ್ಪಿಸುತ್ತಿದ್ದರು.

ಇಂದುಧರ ಗಂಟಲು ಸರಿಮಾಡಿಕೊಂಡು ಓದತೊಡಗಿದ.

“ಎಲೈ ವಣಿಗ್ವರ್ಯನೇ, ಜ್ಞಾನಸಂಪನ್ನನಾದ ಪುರುಷನು ಸ್ವೇಚ್ಛೆಯಿಂದ ಪ್ರಮಾದದಲ್ಲಿ ಪ್ರವೃತ್ತನಾಗನಷ್ಟೇ? ‘ಸತ್ಯ, ಮಹಾಶಯ.’ ಹಾಗಾದರೆ ಪ್ರಮಾದಕ್ಕೆ ಅಜ್ಞಾನವೇ ಹೇತುವೆಂದಾಯಿತಲ್ಲವೇ? ‘ಸತ್ಯ, ಮಹಾಶಯ.’”

ಯಾರೂ ಹೂಂ ಎನ್ನಲಿಲ್ಲ. ದೊಡ್ಡಬೀರಪ್ಪ ಆಕಾಶ ನೋಡಿದ. ಇಂದುಧರ ಎರಡನೆಯ ಹಾಳೆಗೆ ಹೋದ, ಮೂರನೆಯದಕ್ಕೆ ಹೋದ. ‘ಸತ್ಯ, ಮಹಾಶಯ’ ಎಂಬುದು ಸೋರುವ ಮಾಡಿನ ಹನಿಯಂತೆ ಅಷ್ಟಷ್ಟು ಹೊತ್ತಿಗೆ ಒಂದೊಂದು ಬೀಳುತ್ತಿತ್ತು. ಹಿಂದೆ ಕೂತಿದ್ದ ಇಬ್ಬರು ಬೀಡಿಯ ನೆಪದಲ್ಲಿ ಮೆಟ್ಟಿಲಿಳಿದರು. ದೊಡ್ಡಬೀರಪ್ಪ ಕಂಬಳಿ ಕೊಡವಿದ. ರಂಗಮ್ಮ ಎದ್ದೇ ನಿಂತಳು.

“ಬತ್ತೀನಿ ಬಸಮ್ಮಾರೇ. ಹಸ ಕರೀಬೇಕು.”

ಗಂಗಾಧರಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಇಂದುಧರನಿಗೆ ಹಾಳೆಯ ಮೇಲಿನ ಅಕ್ಷರ ಕಾಣದಾಯಿತು. ಕಂಡದ್ದು ಮಂಡಿಯ ಗಾದಿ, ದಿಂಬು, ಎದುರಿಗೆ ಗುಡ್ಡೆ ಹಾಕಿದ ಕೊಬ್ಬರಿ, ಅಷ್ಟೇ. ನಾಳೆಯಿಂದ ಅಥೆನ್ಸಿನ ಅಜ್ಜನ ಜೊತೆ ಮಾತು ಬಂದ್ ಎಂದು ನೆನೆದು ಅವನಿಗೆ ಅಳುವೇ ಬಂದುಬಿಟ್ಟಿತು.

ಬಾಗಿಲಲ್ಲಿ ನಿಂತಿದ್ದ ಬಸಮ್ಮನಿಗೆ ಅಣ್ಣನ ಮಗನ ಮುಖ ನೋಡಲಾಗಲಿಲ್ಲ. “ಕೂತ್ಕೊಳೇ ರಂಗಿ, ನಿನ್ನ ಹಸ ಎಲ್ಲಿಗೂ ಓಡೋಗಲ್ಲ. ಇವರ ಬದಲು ನಾನು ಹೂಂ ಅಂತೀನಿ” ಎಂದು ಬಂದು, ಗಂಡನನ್ನು ಅತ್ತ ಸರಿಸಿ ಅವನ ಜಾಗದಲ್ಲಿ ಕೂತಳು.

ಬಸಮ್ಮ ಹೂಂ ಅನ್ನುತ್ತಾಳಂತೆ! ಮೆಟ್ಟಿಲಿಳಿದವರು ಬೀಡಿ ಎಸೆದು ವಾಪಸು ಬಂದರು. ರಂಗಮ್ಮ ಹಸುವನ್ನು ಮರೆತು ಕೂತಳು. ಇಂದುಧರ ಮತ್ತೆ ಮೊದಲಿಂದ ಶುರುಮಾಡಿದ.

“ಅದೇನು ಕೇಳ್ತಾನೋ ಆ ಅಜ್ಜ, ನನಗೆ ತಿಳಿಯೋ ಹಂಗೆ ಹೇಳು” ಎಂದು ಬಸಮ್ಮ ತಡೆದಳು.

“ಬಲ್ಲವನು ಬೇಕೂ ಅಂತ ತಪ್ಪು ಮಾಡಲ್ಲ, ಹೌದು ತಾನೇ, ಅಂತ ಕೇಳ್ತಾನೆ ಅತ್ತೆ.”

ಜಗಲಿಯೆಲ್ಲ ಬಸಮ್ಮನ ಬಾಯಿ ನೋಡಿತು.

“ಊಹೂಂ” ಎಂದಳು ಬಸಮ್ಮ.

ಇಂದುಧರ ಹಾಳೆ ನೋಡಿದ. ಅಲ್ಲಿ ‘ಸತ್ಯ, ಮಹಾಶಯ’ ಎಂದಿತ್ತು. ಅದರ ಮುಂದಿನ ಪ್ರಶ್ನೆ ಆ ಸತ್ಯದ ಮೇಲೇ ನಿಂತಿತ್ತು. “ಅತ್ತೆ, ಹೂಂ ಅನ್ಬೇಕು. ಇಲ್ದಿದ್ರೆ ಮುಂದಕ್ಕೆ ಹೋಗಲ್ಲ” ಎಂದು ಪಿಸುಗುಟ್ಟಿದ.

“ಯಾಕನ್ಲಿ? ಅಲ್ನೋಡು, ಕೆನ್ನೆ ಊದಿಸ್ಕೊಂಡು ಕೂತವ್ರಲ್ಲ, ಅವರಿಗೆ ಗೊತ್ತಿರ್ಲಿಲ್ವಾ? ಗೊತ್ತಿದ್ದೇ ಬೇಕೂ ಅಂತ ತಿಂದ್ರು. ನಿನ್ನ ಅಜ್ಜನಿಗೆ ಸಂಸಾರ ಇರ್ಲಿಲ್ಲ ಅಂತ ಕಾಣ್ತದೆ.”

ಜಗಲಿ ಗೊಳ್ಳೆಂದಿತು. ಗಂಗಾಧರಯ್ಯನವರೂ ನಕ್ಕರು. ಇಂದುಧರ ಮಾತ್ರ ನಗಲಿಲ್ಲ. ಅವನಿಗೆ ಬೇರೆಯೇ ಏನೋ ಹೊಳೆದಿತ್ತು. ಗ್ರೀಕಿನಲ್ಲಿ ಆ ವ್ಯಾಪಾರಿ ಎಲ್ಲ ಕಡೆಯೂ ಒಂದೇ ತರಹ ಒಪ್ಪಿರಲಿಲ್ಲ. ಒಂದು ಕಡೆ ‘ಇದ್ದರೂ ಇರಬಹುದು’ ಎಂದು ಮುಖ ತಿರುಗಿಸಿದ್ದ. ಒಂದು ಕಡೆ ‘ಹಾಗೆ ಕಾಣಿಸುತ್ತದಪ್ಪ’ ಎಂದು ಅನುಮಾನಪಟ್ಟಿದ್ದ. ಇನ್ನೊಂದು ಕಡೆ ‘ನೀನು ಹೇಳಿದ ಮೇಲೆ ಇನ್ನೇನು’ ಎಂದು ಹಲ್ಲು ಕಡಿದಿದ್ದ. ಅಷ್ಟೂ ಬೇರೆ ಬೇರೆ ಹೂಂ! ಮಾವನ ಹೂಂಗಳೆಲ್ಲ ಆ ಪುಸ್ತಕದಲ್ಲಿದ್ದವು. ಇವನು ಅವುಗಳನ್ನೆಲ್ಲ ಒಂದೇ ‘ಸತ್ಯ, ಮಹಾಶಯ’ದ ಕೆಳಗೆ ಹೂತು ಹಾಕಿದ್ದ. ಅಜ್ಜ ಪಾಠ ಹೇಳುತ್ತಿದ್ದಾನೆ ಎಂದುಕೊಂಡಿದ್ದೇ ತಪ್ಪಾಗಿತ್ತು. ಅಜ್ಜ ಜಗಳಕ್ಕೆ ಕರೆಯುತ್ತಿದ್ದ.

ಇಂದುಧರ ಹಾಳೆಗಳನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡ. “ಸರಿ ಅತ್ತೆ. ಅಜ್ಜ ನಿಮ್ಮನ್ನೇ ಕೇಳ್ತಾನೆ ಅಂದ್ಕೊಳ್ಳಿ. ಬೆಲ್ಲ ತಿಂದ್ರೆ ಹಲ್ಲು ನೋಯ್ತದೆ ಅಂತ ಮಾವನಿಗೆ ಹೇಳಿದ್ದು ಯಾರು?”

“ನಾನು. ಹೇಳೀ ಹೇಳೀ ನನ್ನ ಬಾಯಿ ನೋಯ್ತು.”

“ಅವರು ಅದನ್ನ ಕೇಳಿದ್ರಾ?”

“ಕಿವಿ ಇದ್ದಮ್ಯಾಲೆ ಕೇಳ್ದೆ ಏನು?”

“ಕಿವಿಗೆ ಬಿದ್ದಿದ್ದೆಲ್ಲ ತಿಳಿದಂಗಾಯ್ತಾ?”

“ಎಲ್ಲಿ ಬಂತು! ನಾನು ಹೇಳಿದ್ದು ಇವರಿಗೆ ತಿಳಿದಿದ್ರೆ ಇಷ್ಟೊತ್ತಿಗೆ ಈ ಮನೆ ಅರಮನೆ ಆಗಿರ್ತಿತ್ತು.”

“ಹಂಗಾದ್ರೆ ಮಾವನಿಗೆ ತಿಳಿದಿರ್ಲಿಲ್ಲ ಅಂತ ನೀವೇ ಹೇಳಿದಂಗಾಯ್ತು. ತಿಳೀದೇ ತಿಂದ್ರು.”

ದೊಡ್ಡಬೀರಪ್ಪ ತೊಡೆ ತಟ್ಟಿ, “ಸಿಕ್ಕಾಕ್ಕೊಂಡ್ರಲ್ಲವ್ವಾ!” ಎಂದು ಕೂಗಿದ. ಕಲ್ಲೇಶಪ್ಪ ಊದಿದ ಕೆನ್ನೆಯಲ್ಲೇ ನಗಲು ಹೋಗಿ ‘ಆಯ್’ ಎಂದ.

“ಏ, ಇದು ಮೋಸ. ಹೋದ ಸಲ ನೋವು ತಿಂದವರು ಇವರೇ. ಅದು ನಾನು ಹೇಳಿದ್ದಲ್ಲ, ಮೈಗೆ ಹತ್ತಿದ್ದು” ಎಂದು ಬಸಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

ಇಷ್ಟು ಹೊತ್ತು ಕಂಬದ ಮರೆಯಲ್ಲಿದ್ದ ಸಿದ್ದಬಸಪ್ಪನವರಿಗೆ ತಡೆಯಲಾಗಲಿಲ್ಲ. “ಅದಲ್ಲ ಕಣವ್ವಾ. ಬಲ್ಲವನೇ ಬಲ್ಲ ಬೆಲ್ಲದ ರುಚಿಯ. ಭಾವನಿಗೆ ರುಚಿಯೂ ಗೊತ್ತು, ನೋವೂ ಗೊತ್ತು. ಆದ್ರೆ ಬೆಲ್ಲ ಕೈಯಾಗೈತೆ, ನೋವು ನಾಳೆಗೈತೆ. ಮುಂದೆ ಇರೋ ಗುಡ್ಡೆ ಯಾವಾಗ್ಲೂ ದೊಡ್ಡದಾಗೇ ಕಾಣ್ತದೆ. ಮಂಡಿಗೆ ಬರೋ ಹೊಸಬರೆಲ್ಲ ಹಿಂಗೇ ಕಣ್ಣಂದಾಜಿಗೆ ಮೋಸ ಹೋಗೋದು. ಅದಕ್ಕೇ ಅಲ್ವಾ ತಕ್ಕಡಿ ಇಡೋದು? ಹತ್ತಿರದ್ದು, ದೂರದ್ದು ಅನ್ನದೆ ತೂಗೋ ತಕ್ಕಡಿ ಒಳಗೇ ಒಂದಿದ್ದಿದ್ರೆ ಭಾವ ತಿಂತಿರ್ಲಿಲ್ಲ.”

ಇಂದುಧರ ಅಪ್ಪನನ್ನೇ ನೋಡಿದ. ಆಮೇಲೆ ತೊಡೆಯ ಕೆಳಗಿದ್ದ ಹಾಳೆಗಳನ್ನು ಎಳೆದು, ಒಂದು ಪುಟ ಹುಡುಕಿದ. ಅಲ್ಲಿದ್ದ ಸಂಸ್ಕೃತದ ಬೇಲಿಯನ್ನು ಹಾರಿ ಹಾರಿ, ಬಾಯಿಗೆ ಬಂದ ಕನ್ನಡದಲ್ಲಿ ಹೇಳಿದ. “ಹತ್ತಿರದ ಸುಖ ದೊಡ್ಡದಾಗಿ ಕಾಣುತ್ತದೆ, ದೂರದ ನೋವು ಚಿಕ್ಕದಾಗಿ ಕಾಣುತ್ತದೆ. ಎರಡನ್ನೂ ಸರಿಯಾಗಿ ತೂಗುವ ವಿದ್ಯೆಗೇ ಅರಿವು ಅನ್ನುವುದು, ಅಂತಾನೆ ಅಜ್ಜ.”

ಸಿದ್ದಬಸಪ್ಪನವರು ಮೊಣಕಾಲು ಮರೆತು ಎದ್ದು ಕೂತರು. “ಲೋ, ನಾನು ಹೇಳಿದ್ದೇ ಹೇಳ್ತಾವ್ನಲ್ಲೋ! ಅವನದೂ ಮಂಡಿ ಇತ್ತಾ?”

“ಸಂತೆಬೀದೀಲೇ ಇರ್ತಿದ್ದ ಅಪ್ಪಾ, ಮೂರು ಹೊತ್ತೂ.”

“ಮತ್ತೆ ಇಷ್ಟು ವರ್ಷ ಯಾಕ್ಲಾ ಹೇಳ್ಲಿಲ್ಲ ನೀನು ನನಗೆ?”

ಇಂದುಧರನ ಕಣ್ಣು ತುಂಬಿತು. ಅಪ್ಪನಿಗೆ ಎಂದು ಅವನು ಒಂದು ವಾಕ್ಯವನ್ನಾದರೂ ಬರೆದವನಲ್ಲ.

ಅಲ್ಲಿಂದ ಮುಂದೆ ಜಗಲಿ ಯಾರ ಕೈಗೂ ಸಿಗಲಿಲ್ಲ. ದೊಡ್ಡಬೀರಪ್ಪ ತಕ್ಕಡಿಯ ಪರ, ರಂಗಮ್ಮ ಬಸಮ್ಮನ ಪರ. ಕಲ್ಲೇಶಪ್ಪ ಯಾರ ಪರವೆಂದು ಹೇಳಲಾರದೆ ಕೈಸನ್ನೆ ಮಾಡುತ್ತಿದ್ದ. ಹೊತ್ತು ಗುಡಿಯ ಹಿಂದಕ್ಕೆ ಇಳಿಯಿತು. ರಂಗಮ್ಮನ ಹಸು ಕೊಟ್ಟಿಗೆಯಿಂದ ಅಂಬಾ ಎಂದಿತು. ಯಾರೂ ಏಳಲಿಲ್ಲ.

ಕೊನೆಗೆ ಬಸಮ್ಮ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು. “ಊಹೂಂ. ನಾನು ಒಪ್ಪಲ್ಲ. ತಕ್ಕಡಿ ಕೈಗೆ ಕೊಟ್ಟು, ತೂಕ ಕಣ್ಣಿಗೆ ತೋರಿಸಿದ್ರೂ ಇವರು ಆ ತಕ್ಕಡೀಲಿರೋ ಬೆಲ್ಲಾನೇ ತಿನ್ನೋರು. ಅದಕ್ಕೇನಂತಾನೆ ನಿನ್ನ ಅಜ್ಜ?”

ಗಂಗಾಧರಯ್ಯನವರು ಮುಂದಕ್ಕೆ ಬಾಗಿದರು. “ಇಂದುಧರ ಅವರೇ, ತಾಯಿ ಕೇಳಿದ್ದಕ್ಕೆ ಪುಸ್ತಕದಲ್ಲಿ ಉತ್ತರ ಇದೆಯೇ?”

“ಇಲ್ಲ ಸ್ವಾಮಿ. ಈ ಪುಸ್ತಕದಲ್ಲಿಲ್ಲ. ಅಜ್ಜನ ಶಿಷ್ಯನ ಶಿಷ್ಯ ಒಬ್ಬನಿಗೂ ಇದೇ ಅನುಮಾನ ಬಂತು. ಅವನು ಅದಕ್ಕೆ ಬೇರೆ ಪುಸ್ತಕಾನೇ ಬರೆದಿದ್ದಾನೆ.”

“ಹಾಗೋ.” ಗಂಗಾಧರಯ್ಯನವರು ಹಸ್ತಪ್ರತಿಯನ್ನು ಕೈಗೆ ತೆಗೆದುಕೊಂಡು, ಒಂದೆರಡು ಹಾಳೆ ತಿರುವಿ ಇಂದುಧರನ ಮಡಿಲಿಗೇ ವಾಪಸು ಹಾಕಿದರು. “ಇದನ್ನ ನಾನು ಅಚ್ಚು ಮಾಡೋದಿಲ್ಲ.”

ಇಂದುಧರ ಹಾಳೆಗಳನ್ನು ತೊಡೆಯ ಮೇಲೆ ಜೋಡಿಸಿಕೊಳ್ಳತೊಡಗಿದ.

“ಇವತ್ತು ಕೇಳಿದೆನಲ್ಲ, ಆ ಅಜ್ಜನನ್ನ ಬರೆದುಕೊಡಿ. ಪೂರ್ತಿ ಹೊಸದಾಗಿ. ಕಾಗದ ಕಾಯ್ದಿಡ್ತೀನಿ, ತೆಂಗಿನ ಮರ ಒಂದು ವರ್ಷ ರೋಗ ತಡ್ಕೊಳ್ಳಲಿ. ಅದಾದ ಮೇಲೆ ಆ ಶಿಷ್ಯನ ಶಿಷ್ಯನ್ನೂ ಕನ್ನಡಕ್ಕೆ ಕರೆದು ತನ್ನಿ.”

ಜಗಲಿ ಹೋ ಎಂದಿತು. ಇಂದುಧರ ಮಾತ್ರ ಅಪ್ಪನ ಕಡೆ ತಿರುಗಿದ. ಆಣೆ ಇತ್ತಲ್ಲ. ಅಚ್ಚಿಗೆ ಹೋಗುವ ಹಸ್ತಪ್ರತಿ ಈಗ ಇರಲಿಲ್ಲ, ದೀಪಾವಳಿ ಮಾತ್ರ ಹತ್ತಿರದಲ್ಲೇ ಇತ್ತು.

“ಆ ಶಿಷ್ಯನ ಶಿಷ್ಯಂದು ಎಷ್ಟು ದಿನ ಹಿಡೀತದೆ?” ಎಂದು ಕೇಳಿದರು ಸಿದ್ದಬಸಪ್ಪನವರು.

ಸುಳ್ಳು ಹೇಳಬಹುದಿತ್ತು. ಅಂಥ ಅಜ್ಜನ ಜೊತೆ ಅಷ್ಟು ವರ್ಷ ಇದ್ದವನಿಗೆ ಅದು ಆಗಲಿಲ್ಲ. “ಹತ್ತು ವರ್ಷ ಅಪ್ಪಾ. ಅವನು ಇವನಿಗಿಂತ ಗಡುಸು.”

ಸಿದ್ದಬಸಪ್ಪನವರು ಮೊಣಕಾಲು ನೀವಿಕೊಂಡರು. ಮನೆಯ ದೊಡ್ಡ ವಿಷಯ ಯಾವುದಿದ್ದರೂ ತಂಗಿಯನ್ನು ಒಂದು ಮಾತು ಕೇಳುವುದು ಅವರ ರೂಢಿ. ಅವಳು ಬೇಡ ಅನ್ನುತ್ತಾಳೆ, ಇವರು ಮಾಡುತ್ತಾರೆ, ಹಾಗೇ ನಡೆದು ಬಂದಿತ್ತು. ಈಗಲೂ ಅವಳ ಕಡೆ ತಿರುಗಿದರು.

“ಏನವ್ವಾ ಬಸಮ್ಮ, ಮಂಡಿಗೆ ಯಾರನ್ನಾದ್ರೂ ನೋಡ್ಕೋಬೇಕಾಗ್ತದೆ. ಇವನ್ನ ಬಿಡಾನಾ ಆ ಗ್ರೀಕ್‌ನೋರ ಹತ್ರಕ್ಕೇ?”

ಬಸಮ್ಮ ಗಂಡನ ಕೆನ್ನೆ ನೋಡಿದಳು. ಅಣ್ಣನ ಮಗನ ತೊಡೆಯ ಮೇಲಿದ್ದ ಹಾಳೆಗಳನ್ನು ನೋಡಿದಳು. ಅವಳ ಪ್ರಶ್ನೆಗೆ ಉತ್ತರ ಯಾವನೋ ಎರಡು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದಾನೆ. ಅದನ್ನು ತರಬಲ್ಲವನು ಈ ಸೀಮೆಯಲ್ಲಿ ಇವನೊಬ್ಬನೇ.

“ಹೂಂ” ಎಂದಳು.

ಕಲ್ಲೇಶಪ್ಪ ಕೆನ್ನೆಯ ಮೇಲಿನ ಕೈ ತೆಗೆದು ಹೆಂಡತಿಯನ್ನೇ ನೋಡುತ್ತಾ ಕೂತ. ಮದುವೆಯಾದಂದಿನಿಂದ ಅವನು ಕಾದು ಕೂತಿದ್ದ ಮಾತು ಅದು. ಆ ಸಂತೋಷವನ್ನು ಏನು ಮಾಡಬೇಕೋ ಅವನಿಗೆ ತಿಳಿಯಲಿಲ್ಲ. ಎಲ್ಲರೂ ಇಂದುಧರನನ್ನು ತಬ್ಬಿಕೊಳ್ಳುತ್ತಿದ್ದಾಗ, ಸೊಂಟದ ಮಡಿಕೆಯಿಂದ ನಿನ್ನೆಯ ಬೆಲ್ಲದ ಚೂರೊಂದನ್ನು ತೆಗೆದು, ಊದದ ಕಡೆಯ ಹಲ್ಲಿಗೆ ಇಟ್ಟುಕೊಂಡ.